ಭೂಕಂಪ ತಾಳದ ಹಳೆ ಸೇತುವೆಗೆ ಬದಲಿ ಕಟ್ಟುವಾಗ: ಹಾಸನ, ಚಿಕ್ಕಮಗಳೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೇತುವೆ ಮಂಜೂರಾಗಲಿ ಎಂದು ಓಡಾಡುವ ಪಂಚಾಯಿತಿ ಸದಸ್ಯರು, ತೋಟದ ಅಂಚು ರಸ್ತೆಗೆ ಹೋಗುವ ಮಾಲೀಕರು, ಮೊದಲ ಸಲ ಸೇತುವೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ಕೈಗೆ ಬಂದಿರುವ ಕಿರಿಯ ಎಂಜಿನಿಯರ್‌ಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನಿಯಮದ ಅಂಕಿಗಳು ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಮತ್ತು ಐಎಸ್ (ಭಾರತೀಯ ಮಾನಕ) ಸಂಹಿತೆಗಳವು. ಲೆಕ್ಕ ತೋರಿಸಲು ಕೊಟ್ಟ ಸೇತುವೆಗಳು ಉದಾಹರಣೆಗೆ ಮಾತ್ರ.

ನಮ್ಮ ಕಡೆ ಭೂಕಂಪ ಎಲ್ಲಾಗುತ್ತದೆ? ಅದರ ಲೆಕ್ಕ ಯಾಕೆ?

ಭೂಕಂಪ ವಿನ್ಯಾಸದ ಸಂಹಿತೆ ಐಎಸ್ 1893ರ 2016ರ ನಕ್ಷೆಯಲ್ಲಿ ಹಾಸನ, ಚಿಕ್ಕಮಗಳೂರು ಪಟ್ಟಣಗಳು ವಲಯ 2ರಲ್ಲಿವೆ, ಅಂದರೆ ಅತಿ ಕಡಿಮೆ ಅಪಾಯದ ವಲಯ. ನೆಲ ಎಷ್ಟು ಜೋರಾಗಿ ಅಲುಗಬಹುದು ಎಂದು ಸೂಚಿಸುವ ವಲಯ ಗುಣಾಂಕ 0.10. ಘಟ್ಟ ಇಳಿದರೆ ಮಂಗಳೂರು ವಲಯ 3, ಗುಣಾಂಕ 0.16. ಕಛ್‌ನಂಥ ವಲಯ 5ಕ್ಕೆ 0.36. ಘಟ್ಟದ ಅಂಚಿನಲ್ಲಿ, ಎರಡು ವಲಯಗಳ ಗಡಿಯಲ್ಲಿ ಬೀಳುವ ಜಾಗಕ್ಕೆ ಮೇಲಿನ ವಲಯವನ್ನೇ ಹಿಡಿಯುವುದು ಜಾಣತನ.

2022ರ ಜೂನ್ 23ರಂದು ಹೊಳೆನರಸೀಪುರ ತಾಲೂಕಿನಲ್ಲಿ 3.4 ತೀವ್ರತೆಯ ಕಂಪನ ದಾಖಲಾಯಿತು. ಅಷ್ಟಕ್ಕೆ ಯಾವ ಸೇತುವೆಯೂ ಬೀಳುವುದಿಲ್ಲ. ಆದರೆ 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2ರ ಭೂಕಂಪ ಆದಾಗ ಆ ಪ್ರದೇಶ ಅಂದಿನ ನಕ್ಷೆಯಲ್ಲಿ ವಲಯ 1ರಲ್ಲಿತ್ತು, ಎಂದರೆ ನಾವು ಈಗ ಇರುವುದಕ್ಕಿಂತಲೂ 'ಸುರಕ್ಷಿತ' ಜಾಗ. 2002ರ ಪರಿಷ್ಕರಣೆಯಲ್ಲಿ ವಲಯ 1ನ್ನೇ ತೆಗೆದು ವಲಯ 2ಕ್ಕೆ ಸೇರಿಸಲಾಯಿತು. ನೂರು ವರ್ಷ ನಿಲ್ಲಬೇಕಾದ ಸೇತುವೆಗೆ ಈ ಲೆಕ್ಕ ಬಿಡಲಾಗದು. ಹಾಗಂತ ಭೂಕಂಪದ ಹೆಸರು ಹೇಳಿ ಕಂಬಗಳನ್ನು ಎರಡು ಪಟ್ಟು ದಪ್ಪ ಮಾಡುವುದೂ ಬೇಕಿಲ್ಲ. ಯಾಕೆಂದು ಮುಂದೆ ಲೆಕ್ಕದಲ್ಲೇ ಕಾಣುತ್ತದೆ.

ಸಣ್ಣ ಸೇತುವೆಗೂ ಈ ಲೆಕ್ಕ ಕಡ್ಡಾಯವೇ?

ಇಲ್ಲ. ವಲಯ 2 ಮತ್ತು 3ರಲ್ಲಿ ಒಟ್ಟು ಉದ್ದ 60 ಮೀಟರ್ ಮೀರದ, ಜೊತೆಗೆ ಒಂದೊಂದು ಅಂಕಣ (ಎರಡು ಆಸರೆಗಳ ನಡುವಿನ ಭಾಗ) 15 ಮೀಟರ್ ಮೀರದ ಸೇತುವೆಗೆ ಭೂಕಂಪ ಬಲದ ಪರಿಶೀಲನೆಯಿಂದ ಐಆರ್‌ಸಿ ಸಂಹಿತೆ ವಿನಾಯಿತಿ ಕೊಡುತ್ತದೆ. ಎರಡೂ ಷರತ್ತು ಒಟ್ಟಿಗೆ ಇರಬೇಕು. ಮಲೆನಾಡಿನ ಹಳ್ಳಗಳ ಮೇಲಿನ ಬಹುಪಾಲು ಸೇತುವೆ ಈ ವಿನಾಯಿತಿಯೊಳಗೇ ಬರುತ್ತವೆ. ಲೆಕ್ಕಕ್ಕೆ ವಿನಾಯಿತಿ ಇದ್ದರೂ ಗರ್ಡರ್ (ಸೇತುವೆಯ ಹಾಸು ಹೊರುವ ತೊಲೆ) ಕೂರುವ ಜಾಗ ಅಗಲವಾಗಿರಲಿ, ಪಕ್ಕಕ್ಕೆ ಜಾರದಂತೆ ತಡೆ ಇರಲಿ ಎಂದೇ ನಮ್ಮ ಸಲಹೆ. ಅದಕ್ಕೆ ಹಿಡಿಯುವ ಕಾಂಕ್ರೀಟ್ ತೀರಾ ಕಡಿಮೆ.

ಹಳೆ ಸೇತುವೆ ದುರ್ಬಲವೋ ಅಲ್ಲವೋ, ನೋಡಿ ಹೇಳಬಹುದೇ?

ಬಹಳಷ್ಟನ್ನು ಹೇಳಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ಕೆಳಗಿಳಿದು ನೋಡಬೇಕು, ಮೇಲೆ ನಿಂತು ನೋಡಿದರೆ ಡಾಂಬರು ಮಾತ್ರ ಕಾಣುತ್ತದೆ.

ಮೊದಲು ಗರ್ಡರ್ ಅಥವಾ ಸ್ಲ್ಯಾಬಿನ ತುದಿ ಕಂಬದ ತಲೆಯ ಮೇಲೆ ಎಷ್ಟು ಕೂತಿದೆ ಎಂದು ಟೇಪ್ ಹಿಡಿದು ಅಳೆಯಿರಿ. ಹಳೆಯವುಗಳಲ್ಲಿ ಅದು ಈಗಿನ ನಿಯಮಕ್ಕಿಂತ ಕಡಿಮೆ ಇರುವುದೇ ಹೆಚ್ಚು. ನೆಲ ಅಲುಗಿದಾಗ ಕಂಬ ಒಂದು ಕಡೆ, ಗರ್ಡರ್ ಇನ್ನೊಂದು ಕಡೆ ಸರಿದರೆ ತುದಿ ಜಾರಿ ಅಂಕಣ ಇಡಿಯಾಗಿ ಕೆಳಗೆ ಬೀಳುತ್ತದೆ. ಭೂಕಂಪದಲ್ಲಿ ಸೇತುವೆಗಳು ಹೋಗುವ ದೊಡ್ಡ ದಾರಿ ಇದೇ. ಕಂಬ ಮುರಿಯುವುದು ಅದರ ನಂತರದ ಮಾತು.

ಆಮೇಲೆ ಬೇರಿಂಗ್, ಅಂದರೆ ಕಂಬದ ತಲೆ ಮತ್ತು ಗರ್ಡರ್ ನಡುವೆ ಸ್ವಲ್ಪ ಚಲನೆಗೆ ಬಿಡುವ ಆಸರೆ. ಕಬ್ಬಿಣದ ರೋಲರ್, ರಾಕರ್ ಬೇರಿಂಗ್‌ಗಳು ತುಕ್ಕು ಹಿಡಿದು, ಮಣ್ಣು ತುಂಬಿ, ಬೆಸುಗೆ ಹಾಕಿದಂತೆ ಅಂಟಿಕೊಂಡಿರುತ್ತವೆ. ಆಗ ಬಿಸಿಲಿಗೆ ಹಿಗ್ಗುವ ಬಲವೇ ಕಂಬದ ತಲೆಯನ್ನು ಸೀಳುತ್ತದೆ. ಗರ್ಡರ್‌ಗಳ ಪಕ್ಕದಲ್ಲಿ ಅಡ್ಡ ತಡೆಯುವ ಕಾಂಕ್ರೀಟ್ ದಿಮ್ಮಿ, ನಮ್ಮವರು ಸ್ಟಾಪರ್ ಅನ್ನುವುದು, ಇದೆಯೇ ನೋಡಿ. ಹಳೆಯದರಲ್ಲಿ ಬಹುತೇಕ ಇರುವುದಿಲ್ಲ.

ಕಂಬ ಸೈಜುಗಲ್ಲಿನದಾದರೆ ಅದರೊಳಗೆ ಕಬ್ಬಿಣ ಇಲ್ಲ. ಭಾರ ಹೊರುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಅಡ್ಡಕ್ಕೆ ಎಳೆದರೆ ಮಾತ್ರ ಸಂದುಗಳು ಬಿಚ್ಚಿಕೊಳ್ಳುತ್ತವೆ. ಗಾರೆ ತೊಳೆದುಹೋಗಿ ಆಲದ ಬೇರು ಹೊಕ್ಕಿದ್ದರೆ ಇನ್ನೂ ಬೇಗ. ಕಲ್ಲಿನ ಕಮಾನು ಸೇತುವೆಯಲ್ಲಿ ಕಮಾನಿಗಿಂತ ಮೊದಲು ಹೊರಕ್ಕೆ ವಾಲುವುದು ಅದರ ಮೇಲಿನ ಪಕ್ಕದ ಗೋಡೆಗಳು. ಒಂದು ಗರ್ಡರಿನ ತುದಿ ಇನ್ನೊಂದರ ತುದಿಯ ಮೇಲೆ ಅರ್ಧ ಕಡಿದಂತೆ ಕೂತಿರುವ ಸೇತುವೆಗಳನ್ನು ವಿಶೇಷವಾಗಿ ಗಮನಿಸಿ. ಆ ಸಂದಿಯಲ್ಲಿ ನೀರು ಸೋರಿ ಒಳಗಿನ ಸರಳು ತುಕ್ಕು ಹಿಡಿದಿದ್ದರೆ ಹೊರಗಿನಿಂದ ಗೊತ್ತಾಗುವುದೇ ಇಲ್ಲ.

ಕೊನೆಗೆ ಬುಡ. ಬುನಾದಿಯ ಮೇಲ್ಭಾಗ ಬಯಲಾಗಿದೆಯೇ, ಹೊಳೆ ತಳ ಕೊರೆದಿದೆಯೇ? ಆಸುಪಾಸಿನಲ್ಲಿ ಮರಳು ತೆಗೆದಿದ್ದರೆ ಇದು ಖಚಿತ ಎಂದುಕೊಳ್ಳಿ.

ದುರಸ್ತಿ ಮಾಡಿದರೆ ಸಾಲದೇ? ಬದಲಿಯೇ ಯಾಕೆ?

ಭೂಕಂಪ ಒಂದೇ ಕಾರಣವಾದರೆ ದುರಸ್ತಿ ಸಾಕು. ಕಂಬದ ತಲೆಗೆ ಬ್ರ್ಯಾಕೆಟ್ ಜೋಡಿಸಿ ಕೂರುವ ಜಾಗ ಹಿಗ್ಗಿಸಬಹುದು, ಸ್ಟಾಪರ್ ಕಟ್ಟಬಹುದು, ಅಕ್ಕಪಕ್ಕದ ಅಂಕಣಗಳನ್ನು ಉಕ್ಕಿನ ಹಗ್ಗದಿಂದ ಬಿಗಿಯಬಹುದು, ಕಂಬದ ಸುತ್ತ ಕಬ್ಬಿಣ ಕಟ್ಟಿ ಕಾಂಕ್ರೀಟ್ ಕವಚ ತೊಡಿಸಬಹುದು.

ಬುನಾದಿ ಸಾಲದಿದ್ದರೆ ಕಥೆ ಬೇರೆ. ನೀರಿನೊಳಗಿನ ಹಳೆ ಬುನಾದಿಯನ್ನು ಬಲಪಡಿಸುವ ಖರ್ಚು, ತಾಪತ್ರಯ ಹೊಸ ಬುನಾದಿಗಿಂತ ಕಡಿಮೆಯೇನಲ್ಲ. ಅದರ ಜೊತೆಗೆ ಸೇತುವೆ ಒಂದೇ ಲೇನ್ ಅಗಲ, ನೆರೆಯಲ್ಲಿ ಮುಳುಗುತ್ತದೆ, ಈಗಿನ ಲಾರಿಗಳ ಭಾರಕ್ಕೆ ಕಟ್ಟಿದ್ದಲ್ಲ ಎಂದಾದರೆ ಬದಲಿಯೇ ಸರಿ. ಕಳಸ–ಹೊರನಾಡು ನಡುವೆ ಭದ್ರಾ ನದಿಯ ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗುವುದು ಈ ಭಾಗದವರಿಗೆ ಗೊತ್ತಿರುವ ಸಂಗತಿ. ಮುಳುಗುವ ಸೇತುವೆಗೆ ಭೂಕಂಪದ ಬ್ರ್ಯಾಕೆಟ್ ಹಾಕಿ ಏನು ಪ್ರಯೋಜನ?

2016ರ ಆಗಸ್ಟ್ 2ರಂದು ಮಹಾರಾಷ್ಟ್ರದ ಮಹಾಡದ ಸಾವಿತ್ರಿ ನದಿಯ ಕಲ್ಲಿನ ಸೇತುವೆ ನೆರೆಯಲ್ಲಿ ಕೊಚ್ಚಿಹೋಯಿತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆ ಕಾಳಿ ಸೇತುವೆ ಕುಸಿಯಿತು. ಎರಡಕ್ಕೂ ಭೂಕಂಪ ಬೇಕಾಗಲಿಲ್ಲ. ನಮ್ಮ ಭಾಗದಲ್ಲೂ ಮೊದಲ ಶತ್ರು ನೀರು. ಬದಲಿ ಸೇತುವೆಯ ಯೋಜನೆ ಅಲ್ಲಿಂದಲೇ ಶುರುವಾಗಬೇಕು.

ನೀರಿನ ಲೆಕ್ಕ ಹೇಗೆ? ಊರವರು ಹೇಳುವ ನೆರೆ ಮಟ್ಟ ನಂಬಬಹುದೇ?

ನಂಬಬೇಕು, ಆದರೆ ಒಬ್ಬರನ್ನೇ ಅಲ್ಲ. ದೇವಸ್ಥಾನದ ಮೆಟ್ಟಿಲು, ಪಂಪ್‌ಹೌಸ್ ಗೋಡೆ, ತೋಟದ ಕಾರ್ಮಿಕರ ಲೈನ್‌ಮನೆ, ಹೀಗೆ ಮೂರು ನಾಲ್ಕು ಕಡೆ ಗುರುತು ತೋರಿಸಲು ಹೇಳಿ ಲೆವೆಲ್ ಉಪಕರಣದಿಂದ ಅದರ ಮಟ್ಟ ಅಳೆಯಿರಿ. ಹೊಳೆಯ ಇಳಿಜಾರಿಗೆ ತಾಳೆಯಾಗದ ಗುರುತನ್ನು ಬಿಟ್ಟುಬಿಡಿ. 2019ರ ಆಗಸ್ಟಿನ ಮಳೆಯ ಗುರುತು ಮೂಡಿಗೆರೆ ಭಾಗದಲ್ಲಿ ಇನ್ನೂ ಜನರ ನೆನಪಿನಲ್ಲಿದೆ. ಹೊಳೆಯ ಅಡ್ಡಸೀಳಿಕೆಗಳನ್ನು (ದಡದಿಂದ ದಡಕ್ಕೆ ತಳದ ಅಳತೆ) ಸೇತುವೆ ಜಾಗದಲ್ಲಿ ಮಾತ್ರವಲ್ಲ, ಮೇಲ್ಹರಿವು ಕೆಳಹರಿವುಗಳಲ್ಲೂ ತೆಗೆಯಬೇಕು. ಜಲಾನಯನ 15 ಚದರ ಕಿ.ಮೀ.ಗಿಂತ ದೊಡ್ಡದಾದರೆ 500 ಮೀಟರ್ ದೂರದಲ್ಲಿ.

ಜಲಾನಯನದಿಂದ ಹರಿವು ಅಂದಾಜಿಸಲು ಡಿಕನ್ಸ್ ಸೂತ್ರ ಬಳಸುತ್ತಾರೆ: ವಿಸ್ತೀರ್ಣದ ಮುಕ್ಕಾಲು ಘಾತವನ್ನು ಒಂದು ಗುಣಾಂಕದಿಂದ ಗುಣಿಸುವುದು. ವರ್ಷಕ್ಕೆ 600ರಿಂದ 1200 ಮಿ.ಮೀ. ಮಳೆಯ ಸೀಮೆಗೆ ಗುಣಾಂಕ 11ರಿಂದ 14, ಪಶ್ಚಿಮ ಘಟ್ಟಕ್ಕೆ 22. ಅದೇ 100 ಚದರ ಕಿ.ಮೀ. ಜಲಾನಯನಕ್ಕೆ ಅರಸೀಕೆರೆ ಕಡೆ ಸೆಕೆಂಡಿಗೆ ಸುಮಾರು 350ರಿಂದ 440 ಘನ ಮೀಟರ್ ಬಂದರೆ, ಸಕಲೇಶಪುರ ಕಡೆ 700 ಹತ್ತಿರ ಬರುತ್ತದೆ. ಒಂದೇ ಜಿಲ್ಲೆ, ಎರಡು ಉತ್ತರ. ಬಯಲುಸೀಮೆಯ ಹಳೆ ಅಂದಾಜುಪಟ್ಟಿಯನ್ನು ಮಲೆನಾಡಿಗೆ ನಕಲು ಮಾಡಿದರೆ ಸೇತುವೆ ಗಿಡ್ಡವಾಗುವುದು ಹೀಗೆ.

ಸೆಕೆಂಡಿಗೆ 300ರಿಂದ 3000 ಘನ ಮೀಟರ್ ಹರಿವಿಗೆ ನೆರೆ ಮಟ್ಟದಿಂದ ಗರ್ಡರಿನ ತಳಕ್ಕೆ 1200 ಮಿ.ಮೀ. ಅಂತರ ಬೇಕು. ಪುಷ್ಯ ಮಳೆಯಲ್ಲಿ ಬುಡ ಸಮೇತ ಮರಗಳು ತೇಲಿಬರುವ ಹೊಳೆಯಾದರೆ ಇನ್ನಷ್ಟು ಬಿಡಿ, ನಡುವಿನ ಕಂಬಗಳನ್ನು ಕಡಿಮೆ ಮಾಡಿ.

ನೆರೆ ನೀರು ಹೊಳೆಯ ತಳವನ್ನು ಕೊರೆಯುವ ಆಳಕ್ಕೆ, ಅಂದರೆ ಕೊರೆತಕ್ಕೆ, ಒಂದು ಉದಾಹರಣೆ: ದಪ್ಪ ಮರಳಿನ ತಳ, ಒಂದು ಮೀಟರ್ ಅಗಲದಲ್ಲಿ ಸೆಕೆಂಡಿಗೆ 10 ಘನ ಮೀಟರ್ ಹರಿವು. ಸರಾಸರಿ ಕೊರೆತ ನೆರೆ ಮಟ್ಟದಿಂದ 5.4 ಮೀಟರ್ ಆಳ ಬರುತ್ತದೆ. ನಡುಕಂಬಕ್ಕೆ ಅದರ 2 ಪಟ್ಟು, ಸುಮಾರು 10.9 ಮೀಟರ್. ದಡದ ಅಬಟ್‌ಮೆಂಟಿಗೆ (ಸೇತುವೆಯ ತುದಿ ಹೊರುವ ಗೋಡೆ) 1.27 ಪಟ್ಟು, 6.9 ಮೀಟರ್. ಈ ಲೆಕ್ಕಕ್ಕೆ ಹರಿವನ್ನು ಮೊದಲೇ ಹೆಚ್ಚಿಸಿಕೊಂಡಿರಬೇಕು. 3000 ಚದರ ಕಿ.ಮೀ. ಒಳಗಿನ ಜಲಾನಯನಕ್ಕೆ ಶೇ. 30. ಭೂಕಂಪದ ಪರಿಶೀಲನೆಯಲ್ಲಿ ಗರಿಷ್ಠ ಕೊರೆತದ 0.9ರಷ್ಟು ಹಿಡಿಯುತ್ತಾರೆ. ಕೊರೆದ ಕಂಬ ಎತ್ತರದ ಕಂಬ, ಅಲುಗಾಟಕ್ಕೆ ಅದರ ವರ್ತನೆಯೇ ಬೇರೆ.

ಎಷ್ಟು ಬೋರ್ ಹಾಕಬೇಕು? ಬಂಡೆ ಕಣ್ಣಿಗೇ ಕಾಣುತ್ತದಲ್ಲ?

ಬೋರ್ ಎಂದರೆ ನೆಲದೊಳಗೆ ಏನಿದೆ ಎಂದು ತಿಳಿಯಲು ಕೊರೆಯುವ ತೂತು. ಪ್ರತಿ ಕಂಬಕ್ಕೆ, ಪ್ರತಿ ಅಬಟ್‌ಮೆಂಟಿಗೆ ಕನಿಷ್ಠ ಒಂದು. ನಾಲ್ಕು ಅಂಕಣದ ಸೇತುವೆಗೆ ಐದು. ಎರಡು ದಡದಲ್ಲಿ ಎರಡು ಬೋರ್ ಹಾಕಿ ನಡುವಿನದನ್ನು ಗೆರೆ ಎಳೆದು ಊಹಿಸುವ ಚಾಳಿ ಇದೆ. ಕೆಲಸದ ನಡುವೆ ವಿನ್ಯಾಸ ಬದಲಾಗುವುದಕ್ಕೆ ಇದರಷ್ಟು ದೊಡ್ಡ ಕಾರಣ ಬೇರೆ ಇಲ್ಲ.

ಕಾಣುವ ಬಂಡೆ ಎಷ್ಟೋ ಸಲ ತೇಲುಬಂಡೆ. ಈ ಭಾಗದ ನೈಸ್ ಶಿಲೆ ಕೊಳೆಯುವಾಗ ಸುತ್ತ ಮಣ್ಣಾಗಿ ನಡುವೆ ಗಟ್ಟಿ ಗುಂಡು ಉಳಿಯುತ್ತದೆ. ಡ್ರಿಲ್ಲಿಗೆ ಎರಡು ಮೀಟರ್ ಬಂಡೆ ಸಿಕ್ಕಿತು ಎಂದು ನಿಲ್ಲಿಸಿದರೆ ಅದರ ಕೆಳಗೆ ಮತ್ತೆ ಮೆತ್ತನೆ ಮಣ್ಣು ಇರಬಹುದು. ಕೊರೆದು ತೆಗೆದ ಕಲ್ಲಿನ ತುಂಡುಗಳನ್ನಿಟ್ಟ ಕೋರ್ ಪೆಟ್ಟಿಗೆ ತೆರೆಸಿ ನೋಡಿ. ತುಂಡುಗಳು ಉದ್ದವಾಗಿ ಬಂದಿವೆಯೋ, ಬಿಸ್ಕತ್ತಿನ ಚೂರಿನಂತಿವೆಯೋ, ಒಂದು ಮೀಟರ್ ಕೊರೆದಲ್ಲಿ ಎಷ್ಟು ಸೆಂಟಿಮೀಟರ್ ಕೈಗೆ ಬಂದಿದೆ, ಪೆಟ್ಟಿಗೆ ಮೇಲೆ ಆಳ ಬರೆದಿದ್ದಾರೆಯೇ ಎಂಬುದು ಅಲ್ಲೇ ಕಾಣುತ್ತದೆ. ಗಟ್ಟಿ ಬಂಡೆಯಲ್ಲಿ ಬುನಾದಿ 0.6 ಮೀಟರ್, ಮೆದು ಬಂಡೆಯಲ್ಲಿ 1.5 ಮೀಟರ್ ಒಳಗಿಳಿಯಬೇಕು. ಬರೀ ಮೇಲೆ ಕೂರಿಸಿ ಸುತ್ತ ಕಾಂಕ್ರೀಟ್ ಸುರಿದರೆ ಅದು ಲೆಕ್ಕಕ್ಕಿಲ್ಲ.

ಹೊಸದನ್ನು ಹಳೆಯದರ ಜಾಗದಲ್ಲೇ ಕಟ್ಟಬಹುದೇ?

ಪರ್ಯಾಯ ರಸ್ತೆ ಇದ್ದರೆ ಕಟ್ಟಬಹುದು. ಇಲ್ಲದಿದ್ದರೆ ಪಕ್ಕದಲ್ಲಿ ಕಟ್ಟಿ ಹಳೆಯದರಲ್ಲಿ ಸಂಚಾರ ಮುಂದುವರಿಸುವುದು ವಾಸಿ. ತೀರಾ ಒತ್ತಿ ಕಟ್ಟಿದರೆ ಹೊಸ ಬುನಾದಿ ಅಗೆಯುವಾಗ ಹಳೆ ಕಂಬದ ಬುಡವೇ ಸಡಿಲವಾಗುತ್ತದೆ. ಮೊದಲೇ ದುರ್ಬಲ ಎಂದು ತೀರ್ಮಾನಿಸಿದ ಸೇತುವೆ ಅದು. ಅಲ್ಲಿ ಸಿಡಿಮದ್ದು ಬಳಸುವಂತಿಲ್ಲ. ಹೊಸ ಕಂಬಗಳನ್ನು ಹಳೆ ಕಂಬಗಳ ನೇರಕ್ಕೆ ಇಟ್ಟರೆ ನೀರಿಗೆ ಸುಳಿ ಕಡಿಮೆ.

ಯಾವ ಮಾದರಿ ಸೇತುವೆ ಒಳ್ಳೆಯದು?

10 ಮೀಟರ್ ಅಂಕಣದವರೆಗೆ ಸಾದಾ ಸ್ಲ್ಯಾಬ್, 25ರ ತನಕ ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟ್) ಟಿ-ಬೀಮ್, ಅದರಾಚೆ ಪ್ರಿಸ್ಟ್ರೆಸ್ಡ್ (ಒಳಗೆ ಉಕ್ಕಿನ ತಂತಿ ಎಳೆದು ಬಿಗಿದ) ಗರ್ಡರ್ ಅಥವಾ ಉಕ್ಕಿನ ಗರ್ಡರ್ ಮೇಲೆ ಕಾಂಕ್ರೀಟ್ ಹಾಸು. ಇದು ಎಲ್ಲರಿಗೂ ಗೊತ್ತಿರುವುದೇ. ಮಲೆನಾಡಿನಲ್ಲಿ ಇನ್ನೊಂದು ಪ್ರಶ್ನೆ ಮೊದಲು ಕೇಳಿ: ಗರ್ಡರ್ ಜಾಗಕ್ಕೆ ಬರುವುದು ಹೇಗೆ? ಚಾರ್ಮಾಡಿಯ ತಿರುವುಗಳಲ್ಲಿ 30 ಮೀಟರ್ ಗರ್ಡರ್ ಹೊತ್ತ ಟ್ರೇಲರ್ ತಿರುಗುವುದಿಲ್ಲ. ಆದ್ದರಿಂದ ಗರ್ಡರನ್ನು ದಡದಲ್ಲೇ ಎರಕ ಹೊಯ್ಯಬೇಕು, ಇಲ್ಲವೇ ತುಂಡುಗಳಲ್ಲಿ ತಂದು ಬೋಲ್ಟ್ ಮಾಡುವ ಉಕ್ಕಿನ ಗರ್ಡರ್ ಆರಿಸಬೇಕು. ಕ್ರೇನ್ ನಿಲ್ಲಲು, ಎರಕಕ್ಕೆ ಸಮತಟ್ಟು ಜಾಗ ಬೇಕು. ಕಾಫಿ ತೋಟದ ಇಳಿಜಾರಿನಲ್ಲಿ ಅದೇ ದುರ್ಲಭ.

ಸಣ್ಣ, ಮಧ್ಯಮ ಉದ್ದಕ್ಕೆ ನಮ್ಮ ಒಲವು ಇಂಟಿಗ್ರಲ್ ಸೇತುವೆಯತ್ತ. ಹಾಸು, ಕಂಬ, ಅಬಟ್‌ಮೆಂಟ್ ಎಲ್ಲವೂ ಒಂದೇ ಎರಕ, ನಡುವೆ ಬೇರಿಂಗೂ ಇಲ್ಲ, ಜಾಯಿಂಟೂ ಇಲ್ಲ. ಜಾರಿ ಬೀಳುವ ಪ್ರಶ್ನೆಯೇ ಹುಟ್ಟುವುದಿಲ್ಲ, ಜಾಯಿಂಟಿನಿಂದ ನೀರು ಸೋರುವುದೂ ಇಲ್ಲ. ಇದಕ್ಕೆ ಐಆರ್‌ಸಿ ಎಸ್‌ಪಿ 115 ಎಂಬ ಪ್ರತ್ಯೇಕ ಮಾರ್ಗಸೂಚಿಯೇ ಇದೆ. ಹೊಳೆಯನ್ನು ತೀರಾ ಓರೆಯಾಗಿ ದಾಟುವ ಸೇತುವೆಗೆ ಮಾತ್ರ ಇದು ಹೊಂದುವುದಿಲ್ಲ.

ಭೂಕಂಪದ ಬಲ ನಿಜಕ್ಕೂ ಎಷ್ಟು ಬರುತ್ತದೆ?

ಒಂದು ಅಂಕಣ 25 ಮೀಟರ್, ಅಗಲ 12 ಮೀಟರ್, ಮೇಲ್ಭಾಗದ ತೂಕ 400 ಟನ್ ಎಂದಿಟ್ಟುಕೊಳ್ಳಿ. ವಲಯ ಗುಣಾಂಕದ ಅರ್ಧ 0.05, ಮುಖ್ಯ ರಸ್ತೆಯ ಸೇತುವೆಗೆ ಮಹತ್ವ ಗುಣಾಂಕ 1.2, ನೆಲದ ಅಲುಗಾಟಕ್ಕೆ ಗಿಡ್ಡ ಗಟ್ಟಿ ಕಂಬದ ಗರಿಷ್ಠ ಪ್ರತಿಕ್ರಿಯೆ 2.5 ಪಟ್ಟು. ಮೂರನ್ನೂ ಗುಣಿಸಿದರೆ 0.15. ಅಂದರೆ 400 ಟನ್ನಿಗೆ 60 ಟನ್ ಅಡ್ಡ ಬಲ.

ಸರಿಯಾಗಿ ರಿಂಗ್ (ಉದ್ದ ಸರಳುಗಳನ್ನು ಸುತ್ತುವ ಕಬ್ಬಿಣದ ಬಳೆ) ಕಟ್ಟಿದ ಆರ್‌ಸಿಸಿ ಕಂಬ ಮುರಿಯದೆ ಬಾಗಿ ಶಕ್ತಿ ಹೀರಿಕೊಳ್ಳುತ್ತದೆ ಎಂಬ ಕಾರಣಕ್ಕೆ ಕಂಬದ ಲೆಕ್ಕದಲ್ಲಿ ಇದನ್ನು 3ರಿಂದ ಭಾಗಿಸಿದರೆ 20 ಟನ್. ಈಗ ಹೋಲಿಸಿ ನೋಡಿ: ವಿನ್ಯಾಸಕ್ಕೆ ಸಂಹಿತೆ ಹಿಡಿಯುವ 70ಆರ್ ಎಂಬ ಮಾದರಿ ಚಕ್ರವಾಹನದ 100 ಟನ್ ಭಾರ ಬ್ರೇಕ್ ಹಾಕಿದಾಗ ಬರುವ ಬಲ ಶೇ. 20, ಅಂದರೆ ಅದೂ 20 ಟನ್. ಬ್ರೇಕಿನ ಬಲಕ್ಕೆ ಕಂಬವನ್ನು ಹೇಗೂ ವಿನ್ಯಾಸ ಮಾಡಿರುತ್ತೇವೆ. ಆದರೆ ಸ್ಟಾಪರೇ ಮುಖ್ಯವಾಗಿ ಆ ಬಲ ಹೊರಬೇಕಾದಾಗ ಭಾಗಿಸುವ ಸಂಖ್ಯೆ 1, ಅಂದರೆ ಇಡೀ 60 ಟನ್. ವಲಯ 2ರ ಸೇತುವೆಯಲ್ಲಿ ಕಂಬ ದಪ್ಪಗಾಗಬೇಕಿಲ್ಲ, ಜೋಡಣೆ ಗಟ್ಟಿಯಾಗಬೇಕು ಎನ್ನುವುದು ಇದಕ್ಕೇ.

ಗರ್ಡರ್ ಜಾರದಂತೆ ಏನೇನು ಮಾಡಬೇಕು?

ಕೂರುವ ಅಗಲ ಮೊದಲು. ವಲಯ 2 ಮತ್ತು 3ಕ್ಕೆ ನಿಯಮ: 305, ಅದಕ್ಕೆ ಅಂಕಣದ ಉದ್ದದ 2.5 ಪಟ್ಟು, ಕಂಬದ ಎತ್ತರದ 10 ಪಟ್ಟು ಕೂಡಿಸಿ. ಉದ್ದ ಎತ್ತರ ಮೀಟರಿನಲ್ಲಿ, ಉತ್ತರ ಮಿಲಿಮೀಟರಿನಲ್ಲಿ. 25 ಮೀಟರ್ ಅಂಕಣ, 8 ಮೀಟರ್ ಕಂಬಕ್ಕೆ 305 + 62.5 + 80, ಅಂದರೆ ಸುಮಾರು 450 ಮಿ.ಮೀ. ನಡುಕಂಬದ ತಲೆಯಲ್ಲಿ ಎರಡು ಕಡೆಯ ಗರ್ಡರ್ ಕೂರುವುದರಿಂದ ಇದರ ಎರಡು ಪಟ್ಟು ಮತ್ತು ನಡುವಿನ ಸಂದಿ ಬೇಕು.

ಸ್ಟಾಪರ್ ಮತ್ತು ಗರ್ಡರ್ ನಡುವೆ ಸಣ್ಣ ಸಂದಿ ಬಿಟ್ಟು ರಬ್ಬರ್ ಪ್ಯಾಡ್ ಇಡುತ್ತಾರೆ. 25 ಮೀಟರ್ ಗರ್ಡರ್ 30 ಡಿಗ್ರಿ ಬಿಸಿ ಏರಿದರೆ 9 ಮಿ.ಮೀ. ಹಿಗ್ಗುತ್ತದೆ, ಉದ್ದ ದಿಕ್ಕಿನ ಸ್ಟಾಪರ್ ಆ ಚಲನೆಗೆ ಅಡ್ಡ ಬರಬಾರದು. ಕೆಲಸದಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ: ಸೆಂಟ್ರಿಂಗ್‌ಗೆ ಇಟ್ಟ ಹಲಗೆಯನ್ನೋ ಥರ್ಮಕೋಲನ್ನೋ ತೆಗೆಯದೇ ಬಿಡುವುದು, ಇಲ್ಲವೇ ಸಂದಿಗೆ ಕಾಂಕ್ರೀಟ್ ಹಾಲು ಇಳಿದು ಗಟ್ಟಿಯಾಗುವುದು. ಟಾರ್ಚ್ ಹಾಕಿ ನೋಡಿದರೆ ಆಚೆಯ ಬೆಳಕು ಕಾಣಬೇಕು.

ಬೇರಿಂಗ್ ಬದಲಿಸಲು ಜಾಕ್ ಇಡುವ ಜಾಗವನ್ನು ಕಂಬದ ತಲೆಯಲ್ಲಿ ಈಗಲೇ ಬಿಡಿ. ರಬ್ಬರ್ ಬೇರಿಂಗ್ ಸೇತುವೆಯಷ್ಟು ಬಾಳುವುದಿಲ್ಲ.

ಒಂದು ಕಂಬ ಗಿಡ್ಡ, ಇನ್ನೊಂದು ಎತ್ತರ ಇದ್ದರೆ?

ಕಣಿವೆಯಲ್ಲಿ ಇದು ತಪ್ಪದು. ಕಂಬದ ಬಿಗಿತ ಎತ್ತರದ ಘನಕ್ಕೆ ವಿಲೋಮ. ಒಂದೇ ದಪ್ಪದ 5 ಮೀಟರ್ ಕಂಬ 10 ಮೀಟರ್ ಕಂಬಕ್ಕಿಂತ 8 ಪಟ್ಟು ಬಿಗಿ, ಆದ್ದರಿಂದ ಬಲವನ್ನೆಲ್ಲ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಗರ್ಡರ್ ಸರಿಯಲು ಬಿಡದ ಫಿಕ್ಸ್ ಬೇರಿಂಗನ್ನು ಯಾವ ಕಂಬದ ಮೇಲೆ ಇಡುತ್ತೀರಿ ಎಂದು ಯೋಚಿಸಿ. ಗಿಡ್ಡ ಕಂಬದ ಬುನಾದಿಯನ್ನು ಕೆಳಗಿಳಿಸಿ ಸುತ್ತ ಖಾಲಿ ಬಿಡುವುದೂ ಒಂದು ದಾರಿ.

ಕಂಬದ ಕಬ್ಬಿಣದಲ್ಲಿ ಏನು ವಿಶೇಷ?

ಬುಡದ ಭಾಗ, ಅಂದರೆ ಬುನಾದಿಯಿಂದ ಮೇಲಿನ ಮೊದಲ ಒಂದೂವರೆ ಎರಡು ಮೀಟರ್. ಅಲುಗಾಟದಲ್ಲಿ ಕಂಬ ಬಾಗುವುದು ಅಲ್ಲಿ. ಅಲ್ಲಿ ಮುಖ್ಯ ಸರಳುಗಳನ್ನು ಒಂದಕ್ಕೊಂದು ಸೇರಿಸಿ ಉದ್ದ ಮಾಡಿದ ಸಂದು ಇರಕೂಡದು. ರಿಂಗ್‌ಗಳು ಹತ್ತಿರ ಹತ್ತಿರ, 100 ಮಿ.ಮೀ. ಆಸುಪಾಸು, ತುದಿ 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿಗೆ ಹೊಕ್ಕಿರಬೇಕು. ಬಾರ್ ಬೆಂಡರ್‌ಗಳು ರೂಢಿಯಂತೆ 90 ಡಿಗ್ರಿಗೆ ಬಾಗಿಸಿ ಬಿಡುತ್ತಾರೆ. ಹೊರಗಿನ ಕವರ್ ಕಾಂಕ್ರೀಟ್ ಉದುರಿದ ಕ್ಷಣ ಅಂಥ ರಿಂಗ್ ಬಿಚ್ಚಿಕೊಳ್ಳುತ್ತದೆ.

ಖರ್ಚು ಹೆಚ್ಚು ಎನ್ನುವವರಿಗೆ ಲೆಕ್ಕ: 1.5 ಮೀಟರ್ ವ್ಯಾಸದ ದುಂಡು ಕಂಬ, 12 ಮಿ.ಮೀ. ರಿಂಗ್. ಬುಡದ 2 ಮೀಟರಿನಲ್ಲಿ 200ರ ಬದಲು 100 ಮಿ.ಮೀ.ಗೆ ಕಟ್ಟಿದರೆ ಹತ್ತು ರಿಂಗ್ ಜಾಸ್ತಿ. ಒಂದಕ್ಕೆ ಕೊಕ್ಕೆ ಸೇರಿ 4.7 ಮೀಟರ್, ತೂಕ 4.2 ಕೆ.ಜಿ. ಒಟ್ಟು 42 ಕೆ.ಜಿ. ಕಬ್ಬಿಣ. ವಲಯ 2ಕ್ಕೆ ಇದು ಬೇಡ ಎಂದು ವಾದಿಸುವವರು ಸಿಗುತ್ತಾರೆ. ಬಲವನ್ನು 3ರಿಂದ ಭಾಗಿಸಿದ್ದು ಈ ರಿಂಗ್‌ಗಳನ್ನು ನಂಬಿಯೇ ಎಂದು ಅವರಿಗೆ ನೆನಪಿಸಿ.

ಹೊಸ ಸೇತುವೆಗೂ ಅಪ್ರೋಚ್ (ಸೇತುವೆಗೆ ಸೇರುವ ರಸ್ತೆ) ಕುಸಿಯುವುದೇಕೆ?

ಅಬಟ್‌ಮೆಂಟ್ ಹಿಂದೆ ಅಗೆದ ಕೆಮ್ಮಣ್ಣನ್ನೇ ತುಂಬುವುದರಿಂದ. ಅಲ್ಲಿ ನೀರು ಬಸಿಯುವ ಜಲ್ಲಿ ಮಣ್ಣು ಬೇಕು, ಗೋಡೆಗೆ ತಾಗಿ 600 ಮಿ.ಮೀ. ದಪ್ಪ ಫಿಲ್ಟರ್ ಕಲ್ಲು, ಮೀಟರಿಗೊಂದು ಬಸಿತೂತು, ಪದರ ಪದರವಾಗಿ ರೋಲರ್. ಮೇಲೆ ಕನಿಷ್ಠ 3.5 ಮೀಟರ್ ಉದ್ದದ ಅಪ್ರೋಚ್ ಸ್ಲ್ಯಾಬ್. ಭೂಕಂಪದಲ್ಲಿ ಸೇತುವೆ ನಿಂತು ಅಪ್ರೋಚ್ ಅರ್ಧ ಮೀಟರ್ ಇಳಿದರೂ ಆಂಬುಲೆನ್ಸ್ ದಾಟುವುದಿಲ್ಲ.

ಜಮೀನು, ಅನುಮತಿ?

ತೋಟದ ಜಮೀನಿಗೆ 2013ರ ಭೂಸ್ವಾಧೀನ ಕಾಯ್ದೆ, ರಾಷ್ಟ್ರೀಯ ಹೆದ್ದಾರಿಯಾದರೆ 1956ರ ಹೆದ್ದಾರಿ ಕಾಯ್ದೆ. ಅರಣ್ಯ ಜಾಗ ಒಂದಿಷ್ಟು ಸೇರಿದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ಅರ್ಜಿ. ಇದನ್ನು ಟೆಂಡರ್ ಆದ ಮೇಲೆ ಶುರು ಮಾಡಿದರೆ ಒಂದು ಬೇಸಿಗೆ ಹೋಯಿತು ಎಂದೇ ಲೆಕ್ಕ. ವಿದ್ಯುತ್ ಕಂಬ ಸ್ಥಳಾಂತರಕ್ಕೆ ಹಾಸನದಲ್ಲಿ ಚೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಹಳೆ ಸೇತುವೆಗೆ ನೇತುಹಾಕಿರುವ ಕುಡಿಯುವ ನೀರಿನ ಪೈಪು, ಕೇಬಲ್‌ಗಳನ್ನು ಕೊನೆಗೆ ನೆನಪಿಸಿಕೊಳ್ಳಬೇಡಿ.

ಎಷ್ಟು ಸಮಯ ಹಿಡಿಯುತ್ತದೆ?

ಹೊಳೆಯೊಳಗಿನ ಕೆಲಸಕ್ಕೆ ಸಿಗುವುದು ನವೆಂಬರ್‌ನಿಂದ ಮೇ ತನಕ. ಮೊದಲ ಬೇಸಿಗೆಯಲ್ಲಿ ಎಲ್ಲ ಕಂಬಗಳೂ ನೆರೆ ಮಟ್ಟ ದಾಟಿ ಮೇಲೆ ಬರಬೇಕು. ಅರ್ಧಕ್ಕೆ ನಿಂತ ಬುನಾದಿ ಗುಂಡಿ ಜೂನ್ ತಿಂಗಳಲ್ಲಿ ಹೂಳು ತುಂಬಿ ಮತ್ತೆ ಮೊದಲಿನಿಂದ ಶುರು. ಗೊರೂರು ಅಣೆಕಟ್ಟಿನ ಕೆಳಗೆ ಹೇಮಾವತಿಯಲ್ಲಿ ಕೆಲಸವಾದರೆ ಬೇಸಿಗೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ, ನೀರು ಬಿಡುವ ದಿನಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಎರಡನೇ ಬೇಸಿಗೆಗೆ ಮೇಲ್ಭಾಗ, ಅಪ್ರೋಚ್. ಬುನಾದಿಗೆ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಇದ್ದರೆ ಕಾಂಕ್ರೀಟ್ ಎಂ35 ದರ್ಜೆಯದು, ಘನ ಮೀಟರಿಗೆ ಕನಿಷ್ಠ 400 ಕೆ.ಜಿ. ಸಿಮೆಂಟ್, ಸ್ಲಂಪ್ (ಹಸಿ ಕಾಂಕ್ರೀಟ್ ಕುಸಿಯುವ ಅಳತೆ) 150ರಿಂದ 200 ಮಿ.ಮೀ. ಒಂದು ಪೈಲ್ ಮುಗಿಯುವ ತನಕ ಕಾಂಕ್ರೀಟ್ ನಿಲ್ಲಕೂಡದು. ಘಟ್ಟದ ರಸ್ತೆಯಲ್ಲಿ ಮಿಕ್ಸರ್ ಲಾರಿ ಸಿಕ್ಕಿಕೊಂಡರೆ ಏನು ಎಂಬುದಕ್ಕೆ ಜಾಗದಲ್ಲೇ ಮಿಕ್ಸಿಂಗ್ ಪ್ಲಾಂಟ್ ಇರಬೇಕು.

ಹೊಸದು ಬರುವ ತನಕ, ಬಂದ ಮೇಲೆ, ಹಳೆಯದನ್ನು ಏನು ಮಾಡುವುದು?

ಬರುವ ತನಕ ಭಾರದ ಮಿತಿಯ ಫಲಕ, ಎರಡೂ ತುದಿಯಲ್ಲಿ ಎತ್ತರ ತಡೆಯುವ ಕಬ್ಬಿಣದ ಚೌಕಟ್ಟು, ಒಮ್ಮೆಗೆ ಒಂದೇ ವಾಹನ. ಫಲಕ ಒಂದನ್ನೇ ಹಾಕಿದರೆ ಮರಳು ಲಾರಿಗೆ ಅದು ಕಾಣುವುದಿಲ್ಲ.

ಬಂದ ಮೇಲೆ, ನೆನಪಿಗಿರಲಿ ಎಂದು ಹಳೆಯದನ್ನು ಉಳಿಸುವ ಆಸೆ ಊರಿಗೆ ಇರುತ್ತದೆ. ಅದು ಹೊಸದರ ಮೇಲ್ಹರಿವಿನಲ್ಲಿದ್ದು, ನೆರೆಯಲ್ಲಿ ಕಸ ಹಿಡಿದು ಮುರಿದರೆ ತುಂಡುಗಳು ಬಂದು ಬಡಿಯುವುದು ಹೊಸ ಕಂಬಕ್ಕೆ. ಕೆಡವುವುದಾದರೆ ಕಮಾನುಗಳನ್ನು ಒಂದೇ ಕಡೆಯಿಂದ ಬಿಚ್ಚುತ್ತಾ ಹೋಗಬಾರದು. ಒಂದು ಕಮಾನಿನ ಒತ್ತಡಕ್ಕೆ ಪಕ್ಕದ ಕಮಾನು ಆನಿಕೆ, ಒಂದು ಹೋದರೆ ನಡುಕಂಬ ವಾಲುತ್ತದೆ. ಕೆಡವಿದ ಕಲ್ಲನ್ನು ಮೇ ಮುಗಿಯುವುದರೊಳಗೆ ಹೊಳೆಯಿಂದ ಎತ್ತಿಸಿ, ಬಿಲ್ ಪಾವತಿಗೆ ಅದನ್ನೇ ಷರತ್ತು ಮಾಡಿ.

ಕೆಲಸ ನಡೆಯುವಾಗ ಊರವರು ಏನು ನೋಡಬಹುದು?

ಕಾಂಕ್ರೀಟ್ ಹಾಕುವ ಮೊದಲು ಕಂಬದ ಬುಡದ ರಿಂಗ್ ಅಂತರವನ್ನು ಟೇಪಿನಿಂದ ಅಳೆದು ಕೊಕ್ಕೆಯ ಫೋಟೊ ತೆಗೆದಿಡಿ. ಬುನಾದಿ ಗುಂಡಿಯ ತಳವನ್ನು ಎಂಜಿನಿಯರ್ ನೋಡಿ ಸಹಿ ಮಾಡಿದ ದಾಖಲೆ ಕೇಳಿ. ಕಾಂಕ್ರೀಟಿನ ಗಟ್ಟಿತನ ಅಳೆಯುವ ಕ್ಯೂಬ್ ಪರೀಕ್ಷೆಯ 28 ದಿನದ ಫಲಿತಾಂಶ ಕೇಳಿ. ಗರ್ಡರ್ ಕೂರಿಸಿದ ದಿನವೇ, ಕೆಳಗಿನ ಸೆಂಟ್ರಿಂಗ್ ಬಿಚ್ಚುವ ಮುನ್ನ, ಕಂಬದ ತಲೆಗೆ ಹತ್ತಿ ತುದಿಯಿಂದ ಅಂಚಿಗೆ ಎಷ್ಟು ಮಿಲಿಮೀಟರ್ ಇದೆ ಎಂದು ಅಳೆಸಿ ನಕ್ಷೆಯೊಂದಿಗೆ ತಾಳೆ ನೋಡಿ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಅಲ್ಲಿಗೆ ಏಣಿ ಇಡಲು ಯಾರೂ ಒಪ್ಪುವುದಿಲ್ಲ.